ಕಂಪ್ಯೂಟರಿನಲ್ಲಿ ಎಲೆ ಲೆಕ್ಕ: ಪರದೆಯ ಮೇಲಿನ ಸಂಖ್ಯೆ ಯಾವುದರ ಎಣಿಕೆ?

ಚೆನ್ನೈಯಲ್ಲಿ ನಮ್ಮ ಅಡುಗೆ ಕಂಟ್ರಾಕ್ಟು ಹೆಚ್ಚಾಗಿ ಎಲೆ ಲೆಕ್ಕದಲ್ಲೇ ನಡೆಯುತ್ತದೆ. ಎಲೆಗೆ ಇಷ್ಟು ಎಂದು ದರ, ಎಲೆ ನೋಡಿ ದಿನಸಿ, ಎಲೆ ನೋಡಿ ಬಡಿಸುವವರ ಸಂಖ್ಯೆ. ಹಿಂದೆ ಈ ಲೆಕ್ಕ ಆರ್ಡರ್ ಪುಸ್ತಕದಲ್ಲಿರುತ್ತಿತ್ತು. ಈಗ ಕಂಪ್ಯೂಟರಿಗೆ ಬಂದಿದೆ. ಪರಿಚಯದ ಹುಡುಗರಿಂದ ವಿಷುವಲ್ ಬೇಸಿಕ್‌ನಲ್ಲಿ ಬರೆಸಿ, ಮೈಕ್ರೋಸಾಫ್ಟ್ ಆಕ್ಸೆಸ್ ಫೈಲಿನಲ್ಲಿ ಲೆಕ್ಕ ಇಡುವ ಸಾಫ್ಟ್‌ವೇರ್ ನಮ್ಮ ಸದಸ್ಯರ ಆಫೀಸುಗಳಲ್ಲಿ ಇಂದಿಗೂ ಇದೆ. ವಿಷುವಲ್ ಬೇಸಿಕ್ 6 ಬಂದದ್ದು 1998ರಲ್ಲಿ. ಅದರಲ್ಲಿ ಪ್ರೋಗ್ರಾಂ ಬರೆಯುವ ಸಾಧನಕ್ಕೆ ಮೈಕ್ರೋಸಾಫ್ಟ್ 2008ರಲ್ಲೇ ಬೆಂಬಲ ನಿಲ್ಲಿಸಿದರೂ, ಬರೆದಿಟ್ಟ ಪ್ರೋಗ್ರಾಂಗಳು ವಿಂಡೋಸ್ 11ರಲ್ಲೂ ಓಡುತ್ತವೆ. ಓಡುವ ಗಾಡಿಯನ್ನು ಯಾರು ಮಾರುತ್ತಾರೆ?

ಓಡುವುದು ಬೇರೆ, ಸರಿಯಾಗಿ ಎಣಿಸುವುದು ಬೇರೆ. ‘ಒಟ್ಟು ಇಷ್ಟು’ ಎಂದು ಪರದೆಯ ಕೆಳಗೆ ಬರುವ ಸಂಖ್ಯೆ ಯಾವುದರ ಎಣಿಕೆ ಎಂದು ತಿಳಿದುಕೊಳ್ಳದೆ ಅದನ್ನು ನಂಬಿ ಅಕ್ಕಿ ಅಳೆಯಬಾರದು ಎಂಬುದು ನಮ್ಮ ಅಭಿಪ್ರಾಯ.

ಡೇಟಾಬೇಸ್ ಎಂದರೆ ಸಾಲುಸಾಲಾಗಿ ಬರೆದ ಪಟ್ಟಿಗಳು. ಕ್ವೆರಿ ಎಂದರೆ ಆ ಪಟ್ಟಿಗೆ ನಾವು ಹಾಕುವ ಪ್ರಶ್ನೆ. ಎಷ್ಟು ಸಾಲು ಸಿಕ್ಕಿತು ಎಂದು ತಿಳಿಯಲು ದಾರಿ ಎರಡು. ಉಗ್ರಾಣದ ಪಾತ್ರೆಗಳನ್ನೆಲ್ಲ ಅಂಗಳಕ್ಕೆ ಹೊತ್ತು ತಂದು ನಾವೇ ಎಣಿಸುವುದು ಒಂದು. ಉಗ್ರಾಣದವನಿಗೇ ‘ಎಣಿಸಿ ಹೇಳಪ್ಪಾ’ ಎನ್ನುವುದು ಇನ್ನೊಂದು. ಸಾಫ್ಟ್‌ವೇರ್‌ನಲ್ಲಿ ಮೊದಲನೆಯದಕ್ಕೆ ‘ರೆಕಾರ್ಡ್‌ಕೌಂಟ್’ ಎಂದೂ, ಎರಡನೆಯದಕ್ಕೆ ‘ಕೌಂಟ್’ ಎಂದೂ ಹೆಸರು.

ಮೊದಲ ದಾರಿಯಲ್ಲಿ ಒಂದು ವಿಚಿತ್ರವಿದೆ. ಡೇಟಾಬೇಸ್ ಓದಲು ವಿಷುವಲ್ ಬೇಸಿಕ್ ಬಳಸುವ ಎಡಿಓ ಎಂಬ ಸಲಕರಣೆ, ಬೇರೆ ಏನೂ ಹೇಳದಿದ್ದರೆ, ಸಾಲುಗಳನ್ನು ಮುಂದಕ್ಕೆ ಮಾತ್ರ ಓದುತ್ತಾ ಹೋಗುತ್ತದೆ. ಕೊನೆ ಎಲ್ಲಿದೆ ಎಂದು ಅದಕ್ಕೆ ತಿಳಿಯದು. ಎಷ್ಟು ಎಂದು ಕೇಳಿದರೆ ಮೈನಸ್ 1 ಎನ್ನುತ್ತದೆ. ಇದು ಲೆಕ್ಕವಲ್ಲ, ‘ಗೊತ್ತಿಲ್ಲ’ ಎಂಬ ಉತ್ತರ. ಪ್ರೋಗ್ರಾಂ ಬರೆದವರು ‘ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಆರ್ಡರ್ ತೋರಿಸು’ ಎಂದು ಬರೆದಿದ್ದರೆ ಮುಗಿಯಿತು: ಆರ್ಡರ್ ಇದ್ದ ದಿನವೂ ಪರದೆ ಖಾಲಿ. ಇನ್ನೂ ಹಳೆಯ ಡಿಎಓ ಸಲಕರಣೆ ಅದುವರೆಗೆ ತಾನು ಮುಟ್ಟಿದ ಸಾಲುಗಳನ್ನಷ್ಟೇ ಹೇಳುತ್ತದೆ. ಕೊನೆಯ ಸಾಲಿಗೆ ಒಮ್ಮೆ ಹೋಗಿ ಬಂದ ಮೇಲೆಯೇ ಪೂರ್ತಿ ಲೆಕ್ಕ. ಸಂಖ್ಯೆ ಮಾತ್ರ ಬೇಕಾಗಿದ್ದರೆ ‘ಕೌಂಟ್’ ಬಳಸಿ ಎಂದು ಹುಡುಗರಿಗೆ ಹೇಳಿದರೆ ಸಾಕು, ಅವರಿಗೆ ಅರ್ಥವಾಗುತ್ತದೆ.

ಆದರೆ ಉಗ್ರಾಣದವನೂ ಕೇಳಿದ್ದನ್ನು ಮಾತ್ರ ಎಣಿಸುತ್ತಾನೆ. ನಮ್ಮ ಊರಿನ ಮದುವೆಯನ್ನೇ ನೋಡಿ. ಜಾನವಾಸದ ರಾತ್ರಿ ಊಟ, ಮುಹೂರ್ತದ ದಿನ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಿಸೆಪ್ಷನ್, ಮರುದಿನ ಕಟ್ಟುಸಾದ: ಒಂದೇ ಆರ್ಡರಿಗೆ ಐದು ಹೊತ್ತು. ಆರ್ಡರುಗಳದು ಒಂದು ಪಟ್ಟಿ, ಹೊತ್ತುಗಳದು ಇನ್ನೊಂದು ಪಟ್ಟಿ. ಉದಾಹರಣೆಗೆ ಮೂರು ಆರ್ಡರ್ ಇವೆ ಎಂದುಕೊಳ್ಳಿ. ಮೊದಲನೆಯದಕ್ಕೆ 5 ಹೊತ್ತು, ಎರಡನೆಯದಕ್ಕೆ 3, ಮೂರನೆಯದಕ್ಕೆ 1. ಎರಡು ಪಟ್ಟಿಗಳನ್ನೂ ಜೋಡಿಸಿ ಎಣಿಸಿದರೆ ಕಂಪ್ಯೂಟರ್ 9 ಎನ್ನುತ್ತದೆ. ಹೊತ್ತುಗಳ ಲೆಕ್ಕಕ್ಕೆ ಇದು ಸರಿ, ಆರ್ಡರುಗಳ ಲೆಕ್ಕಕ್ಕೆ ತಪ್ಪು.

ಇದರ ಪೆಟ್ಟು ಬೀಳುವುದು ಮುಂಗಡದ ಮೇಲೆ. ಆ ಮೂವರು ಕ್ರಮವಾಗಿ 50,000, 30,000, 20,000 ರೂಪಾಯಿ ಕೊಟ್ಟಿದ್ದರೆ ಪೆಟ್ಟಿಗೆಗೆ ಬಂದದ್ದು 1,00,000. ಜೋಡಿಸಿದ ಪಟ್ಟಿಯಲ್ಲಿ ಪ್ರತಿ ಹೊತ್ತಿನ ಸಾಲಿನಲ್ಲೂ ಅದೇ ಮುಂಗಡ ಮರುಕಳಿಸುವುದರಿಂದ ಕೂಡಿದಾಗ ಬರುವುದು 3,60,000. ಆಡಿಟರ ಮುಂದೆ ಈ ಕಾಗದ ಇಟ್ಟರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಮುಂಗಡವನ್ನು ಆರ್ಡರ್ ಪಟ್ಟಿಯಿಂದ ಮಾತ್ರ ಕೂಡಿಸಬೇಕು, ಎಲೆಯನ್ನು ಹೊತ್ತಿನ ಪಟ್ಟಿಯಿಂದ. ದೀಪಾವಳಿ ಭಕ್ಷ್ಯದ ಆರ್ಡರಿಗಾಗಿ ಹಳೆಯ ಗಿರಾಕಿಗಳು ಎಷ್ಟು ಮಂದಿ ಎಂದು ನೋಡುವಾಗಲೂ ಹೀಗೆಯೇ. ಮಗಳ ಮದುವೆ, ಆಮೇಲೆ ಸೀಮಂತ ಎಂದು ಎರಡು ಸಲ ಬಂದವರು ಇಬ್ಬರಾಗಬಾರದು. ಬೇರೆ ಡೇಟಾಬೇಸ್‌ಗಳಲ್ಲಿ ಇದಕ್ಕೆ ಒಂದೇ ಆಜ್ಞೆ ಸಾಕು. ಆಕ್ಸೆಸ್‌ನಲ್ಲಿ ಮೊದಲು ಪುನರಾವರ್ತನೆ ತೆಗೆದು, ಬಂದ ಪಟ್ಟಿಯನ್ನು ಆಮೇಲೆ ಎಣಿಸಬೇಕು.

ಖಾಲಿ ಬಿಟ್ಟ ಜಾಗದ ವಿಷಯ ಸ್ವಲ್ಪ ಉಪಯೋಗದ್ದು. ‘ಕೌಂಟ್’ ಮುಂದೆ ನಕ್ಷತ್ರ ಚಿಹ್ನೆ ಹಾಕಿದರೆ ಎಲ್ಲ ಸಾಲುಗಳೂ ಲೆಕ್ಕಕ್ಕೆ ಬರುತ್ತವೆ. ಎಲೆಯ ಕಲಮಿನ ಹೆಸರು ಹಾಕಿದರೆ ಎಲೆ ಸಂಖ್ಯೆ ತುಂಬದ ಸಾಲುಗಳು ಬಿಟ್ಟುಹೋಗುತ್ತವೆ. ಮೊದಲನೆಯದು 9, ಎರಡನೆಯದು 7 ಎಂದಾದರೆ ಎರಡು ಹೊತ್ತಿಗೆ ಎಲೆ ಇನ್ನೂ ನಿಗದಿಯಾಗಿಲ್ಲ ಎಂದು ತಿಳಿದು, ಆ ಗಿರಾಕಿಗಳಿಗೆ ಫೋನ್ ಮಾಡಬಹುದು. ಎರಡು ಸಂಖ್ಯೆಗಳನ್ನೂ ಪರದೆಯ ಮೇಲೆ ಪಕ್ಕಪಕ್ಕದಲ್ಲಿ ಹಾಕಿಸಿಕೊಳ್ಳಿ. ಆದರೆ ನಿಗದಿಯಾಗದ ಕಡೆ ಗುಮಾಸ್ತರು 0 ಎಂದು ತುಂಬಿದರೆ ಈ ಉಪಾಯ ನಡೆಯದು. ಸೊನ್ನೆಯೂ ಕಂಪ್ಯೂಟರಿಗೆ ಒಂದು ಸಂಖ್ಯೆಯೇ.

ಎಲ್ಲಕ್ಕಿಂತ ಅಪಾಯದ್ದು ತಾರೀಖು. ನಾವು ಜೂನ್ 5 ಎನ್ನಲು 05/06 ಎಂದು ಬರೆಯುತ್ತೇವೆ. ವಿಂಡೋಸ್‌ನಲ್ಲಿ ಭಾರತದ ಪದ್ಧತಿ ಆರಿಸಿಟ್ಟಿದ್ದರೂ, ಕ್ವೆರಿಯ ಒಳಗೆ ಪೌಂಡ್ ಚಿಹ್ನೆಗಳ ನಡುವೆ ಬರೆದ ತಾರೀಖನ್ನು ಆಕ್ಸೆಸ್ ಅಮೆರಿಕದವರಂತೆ ತಿಂಗಳು ಮೊದಲಾಗಿ ಓದುತ್ತದೆ. ಜೂನ್ 5 ಅದಕ್ಕೆ ಮೇ 6 ಆಗುತ್ತದೆ. ಜೂನ್ 13 ಎಂದು ಕೇಳಿದರೆ ಹದಿಮೂರನೇ ತಿಂಗಳು ಇಲ್ಲವಾದ್ದರಿಂದ ತಾನೇ ತಿರುಗಿಸಿಕೊಂಡು ಸರಿಯಾಗಿ ಓದುತ್ತದೆ. ಅಂದರೆ ತಿಂಗಳ 13ರಿಂದ ಕೊನೆಯವರೆಗೆ ಲೆಕ್ಕ ಸರಿ, 1ರಿಂದ 12ರ ವರೆಗೆ ತಪ್ಪು. 6/6ರಂತೆ ದಿನವೂ ತಿಂಗಳೂ ಒಂದೇ ಆದಾಗ ಮಾತ್ರ ಅದೃಷ್ಟ. ಸಾಫ್ಟ್‌ವೇರ್ ಕೊಡುವವರು ತಿಂಗಳ ಇಪ್ಪತ್ತನೇ ತಾರೀಖು ಬಂದು ಪರೀಕ್ಷೆ ಮಾಡಿ ತೋರಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಹೀಗೆ ತಪ್ಪಿದಾಗ ಯಾವ ಎಚ್ಚರಿಕೆಯೂ ಬರುವುದಿಲ್ಲ. ಮೇ 6ರ ಎಲೆ ಸಂಖ್ಯೆಯನ್ನೇ ಜೂನ್ 5ರದು ಎಂದು ತೋರಿಸುತ್ತದೆ. ಪಂಕ್ತಿಯ ಮಧ್ಯೆ ಎಲೆ ಮುಗಿದರೆ ಕೋಯಂಬೇಡಿಗೆ ಓಡಿ ತರುವಷ್ಟು ಹೊತ್ತು ಇರುವುದಿಲ್ಲ. ಪ್ಲಾಸ್ಟಿಕ್ ಲೇಪನದ ಕಾಗದದ ತಟ್ಟೆ ಹಾಕಿ ದಾಟಿಸೋಣವೆಂದರೆ, 2019ರ ಜನವರಿ 1ರಿಂದ ತಮಿಳುನಾಡಿನಲ್ಲಿ ಅದಕ್ಕೂ ನಿಷೇಧವಿದೆ. ಪರಿಹಾರ ಸುಲಭ: ಕ್ವೆರಿಯೊಳಗೆ ತಾರೀಖನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಸಬೇಕು. ಹಾಗೆ ಬರೆದರೆ ಆಕ್ಸೆಸ್ ಎಡವುವುದಿಲ್ಲ. ತಾರೀಖಿನ ಕಲಮಿನಲ್ಲೇ ಗಂಟೆಯನ್ನೂ ಸೇರಿಸಿದ್ದರೆ ಇನ್ನೊಂದು ಮಾತು. ‘ಜೂನ್ 1ರಿಂದ 30ರ ವರೆಗೆ’ ಎಂದು ಕೇಳಿದಾಗ 30ರ ಮಧ್ಯಾಹ್ನದ ಊಟ ಬಿಟ್ಟುಹೋಗುತ್ತದೆ, ಏಕೆಂದರೆ ಕಂಪ್ಯೂಟರಿಗೆ 30 ಎಂದರೆ ಆ ದಿನ ಶುರುವಾಗುವ ನಡುರಾತ್ರಿ. ‘ಜುಲೈ 1ಕ್ಕಿಂತ ಮುಂಚೆ’ ಎಂದು ಕೇಳಬೇಕು.

ರದ್ದಾದ ಆರ್ಡರುಗಳು ಎಣಿಕೆಯಲ್ಲಿ ಸೇರಿವೆಯೋ ಇಲ್ಲವೋ ಎಂಬುದನ್ನೂ ಕೇಳಿಟ್ಟುಕೊಳ್ಳಿ.

ಪರೀಕ್ಷೆಗೆ ದೊಡ್ಡ ವಿದ್ಯೆ ಬೇಡ. ಕಳೆದ ವರ್ಷದ ಎರಡು ಮುಹೂರ್ತದ ದಿನಗಳನ್ನು ಆರಿಸಿಕೊಳ್ಳಿ. ಒಂದು 12ನೇ ತಾರೀಖಿನ ಒಳಗಿನದು, ದಿನವೂ ತಿಂಗಳೂ ಒಂದೇ ಆಗಿರದಂಥದು; ಇನ್ನೊಂದು 12 ದಾಟಿದ್ದು. ಎರಡು ದಿನಕ್ಕೂ ಆರ್ಡರ್ ಎಷ್ಟು, ಹೊತ್ತು ಎಷ್ಟು, ಎಲೆ ಎಷ್ಟು, ಮುಂಗಡ ಎಷ್ಟು ಎಂದು ಹಳೆಯ ಪುಸ್ತಕದಿಂದ ಕೈಯಲ್ಲೇ ಎಣಿಸಿ ಬರೆದಿಟ್ಟು, ಪರದೆಯ ಸಂಖ್ಯೆಯೊಂದಿಗೆ ಹೋಲಿಸಿ. ತಾಳೆಯಾಗದ್ದರ ಕೆಳಗೆ ಗೆರೆ ಎಳೆದು ಆ ಕಾಗದವನ್ನೇ ಸಾಫ್ಟ್‌ವೇರ್‌ನವರ ಕೈಗೆ ಕೊಡಿ. ಮದುವೆಗಳಿಲ್ಲದ ಆಡಿ ಅಥವಾ ಮಾರ್ಗಳಿ ತಿಂಗಳಲ್ಲಿ ಕೂತರೆ ಒಂದು ಮಧ್ಯಾಹ್ನದ ಕೆಲಸ.