ಬಿ.ಟಿ. ಹತ್ತಿ: ಔಷಧಿ ಕಡಿಮೆಯಾದರೆ ಹಿಂಸೆ ಕಡಿಮೆಯಾಯಿತೇ?



ಉತ್ತರ ಕರ್ನಾಟಕದಲ್ಲಿ ನಮ್ಮ ಸಮಾಜದ ಅನೇಕ ಮನೆತನಗಳು ಒಕ್ಕಲುತನ ಮಾಡುತ್ತವೆ. ಹತ್ತಿ ವ್ಯಾಪಾರದಲ್ಲಿ ಇರುವವರೂ ಇದ್ದಾರೆ. "ಬಿ.ಟಿ. ಬೀಜ ಹಾಕಿದರೆ ಔಷಧಿ ಹೊಡೆಯುವುದು ತಪ್ಪುತ್ತದೆ, ಹಿಂಸೆಯೂ ತಪ್ಪಿದಂತಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಮೊದಲು ಅದು ಕೆಲಸ ಮಾಡುವ ರೀತಿ ತಿಳಿಯೋಣ.

ಬಿ.ಟಿ. ಎಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಮಣ್ಣಿನಲ್ಲಿರುವ ಒಂದು ಸೂಕ್ಷ್ಮಾಣು. ಅದರ ಒಂದು ವಂಶವಾಹಿಯನ್ನು ಹತ್ತಿಗೆ ಸೇರಿಸಿದ್ದಾರೆ. ಆದ್ದರಿಂದ ಗಿಡವೇ ಒಂದು ಪ್ರೋಟೀನ್ ತಯಾರಿಸುತ್ತದೆ. ಕಾಯಿಕೊರಕ ಹುಳು ಅದನ್ನು ತಿಂದಾಗ ಕರುಳಿನ ಗೋಡೆಗೆ ರಂಧ್ರ ಬೀಳುತ್ತದೆ. ಹುಳು ತಿನ್ನುವುದನ್ನು ಬಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಅಂದರೆ ಹುಳು ಸಾಯುವುದು ತಪ್ಪಿಲ್ಲ. ಆದರೆ ಗಿಡ ತಿಂದ ಹುಳುವಿಗೆ ಮಾತ್ರ ಪೆಟ್ಟು. ಸಿಂಪಡಿಸುವ ವಿಷವಾದರೋ ಜೇನು, ಗುಲಗಂಜಿ ಹುಳುಗಳನ್ನೂ ಕೊಲ್ಲುತ್ತದೆ, ಹೊಡೆಯುವ ಆಳಿನ ಆರೋಗ್ಯವನ್ನೂ ಕೆಡಿಸುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ 2002ರಲ್ಲಿ ಅನುಮತಿ ಸಿಕ್ಕಿತು. 2006ರಲ್ಲಿ ಎರಡು ಪ್ರೋಟೀನ್‌ಗಳ ಬೀಜ ಬಂತು. ಮೊದಲ ವರ್ಷಗಳಲ್ಲಿ ಕಾಯಿಕೊರಕಕ್ಕೆ ಹೊಡೆಯುವ ಔಷಧಿ ಬಹಳ ಇಳಿಯಿತು. ಆದರೆ ರಸ ಹೀರುವ ಬಿಳಿನೊಣ, ಜಿಗಿಹುಳುಗಳಿಗೆ ಬಿ.ಟಿ. ತಾಗುವುದಿಲ್ಲ. ಗುಲಾಬಿ ಕಾಯಿಕೊರಕವೂ ಈ ಪ್ರೋಟೀನ್‌ಗೆ ಒಗ್ಗಿಕೊಂಡಿತು. ಇದು 2010ರಲ್ಲಿ ಗುಜರಾತಿನಲ್ಲಿ ದೃಢಪಟ್ಟಿತು. ಹೀಗಾಗಿ ಔಷಧಿಯ ಡಬ್ಬಿ ಮತ್ತೆ ಹೊಲಕ್ಕೆ ಬಂತು.

ಇದನ್ನು ತಡೆಯಲೆಂದೇ 450 ಗ್ರಾಂ ಬೀಜದ ಜೊತೆ 120 ಗ್ರಾಂ ಸಾದಾ ಹತ್ತಿಬೀಜದ ಪೊಟ್ಟಣ ಕೊಡುತ್ತಿದ್ದರು. ಹೊಲದ ಸುತ್ತ ಅದನ್ನು ಬಿತ್ತಬೇಕಿತ್ತು. ಅಲ್ಲಿ ಬದುಕಿ ಉಳಿದ ಹುಳುಗಳು ಒಗ್ಗಿಕೊಂಡ ಹುಳುಗಳೊಡನೆ ಕೂಡಿದರೆ, ಒಗ್ಗುವ ಗುಣ ಬೇಗ ಹರಡುವುದಿಲ್ಲ. ಇಳುವರಿ ಕಡಿಮೆಯಾದೀತೆಂದು ಅನೇಕರು ಅದನ್ನು ಬಿತ್ತಲೇ ಇಲ್ಲ. ಹುಳುವಿಗೆಂದು ಬಿಟ್ಟ ಪಾಲನ್ನೂ ನಾವೇ ತೆಗೆದುಕೊಂಡೆವು, ನಷ್ಟವೂ ನಮಗೇ ಆಯಿತು.

ಶಾಸ್ತ್ರದಲ್ಲಿ ಕೃಷಿಯ ಹಿಂಸೆಯನ್ನು ಉದ್ಯೋಗೀ ಹಿಂಸೆ ಎಂದಿದ್ದಾರೆ. ಗೃಹಸ್ಥನಿಗೆ ಅದು ಪೂರ್ತಿ ತಪ್ಪದು, ಆದರೆ ಯತ್ನಾಚಾರದಿಂದ ಕಡಿಮೆ ಮಾಡಬಹುದು. ಸಾದಾ ಹತ್ತಿಯ ಸಾಲು ಬಿಡಿ. ಹುಳುವಿನ ಹಾವಳಿ ನೋಡಿಯೇ ಔಷಧಿಯ ಮಾತಾಡಿ. ಬೆಳೆಯನ್ನು ಬೇಸಿಗೆವರೆಗೆ ಎಳೆಯದೆ ಸಮಯಕ್ಕೆ ಮುಗಿಸಿ. ಮುಂದಿನ ವರ್ಷ ಹುಳುವೂ ಕಡಿಮೆ, ಕೊಲ್ಲುವ ಪ್ರಸಂಗವೂ ಕಡಿಮೆ.