ಮದುವೆ ಕ್ಯಾಸೆಟ್‌ನಲ್ಲಿ ಉಳಿದ ಊರು: ಡಿಸ್ಕ್‌ಗೆ ಇಳಿಸುವ ಮುನ್ನ ತಿಳಿಯಬೇಕಾದದ್ದು

ಕಾರವಾರ: ಮೂವತ್ತು ವರ್ಷಗಳ ಹಿಂದಿನ ಮದುವೆಯ ವಿಡಿಯೋ ಕ್ಯಾಸೆಟ್ ಎಂದರೆ ಅದರ ಆರಂಭ ಬಹುತೇಕ ಒಂದೇ ಬಗೆಯದು. ಗಣಪತಿಯ ಚಿತ್ರ, ವಧೂವರರ ಹೆಸರು, ಆಮೇಲೆ ಮನೆಯ ಅಂಗಳ. ತುಳಸಿಕಟ್ಟೆ, ಚಪ್ಪರ, ಹಿಂದೆ ತೆಂಗಿನ ಸಾಲು, ಅದರಾಚೆಗೆ ಕಡಲು. ಛಾಯಾಗ್ರಾಹಕನಿಗೆ ಅದು ಕೇವಲ ಮುನ್ನುಡಿ. ಆದರೆ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಕಡಲಂಚಿನಿಂದ ಎದ್ದು ಬಂದ ಕುಟುಂಬಗಳ ಪಾಲಿಗೆ ಇಂದು ಆ ಮೊದಲ ಐದು ನಿಮಿಷಗಳೇ ಮದುವೆಗಿಂತ ಅಮೂಲ್ಯವಾಗಿವೆ. ಏಕೆಂದರೆ ಆ ಅಂಗಳ ಈಗಿಲ್ಲ.

ಸೀಬರ್ಡ್ ನೌಕಾನೆಲೆ ಯೋಜನೆಗೆ ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು ಶಂಕುಸ್ಥಾಪನೆ ನೆರವೇರಿಸಿದ್ದು 1986ರ ಅಕ್ಟೋಬರ್‌ನಲ್ಲಿ. 'ಐಎನ್‌ಎಸ್ ಕದಂಬ' ಎಂಬ ಹೆಸರಿನಲ್ಲಿ ನೆಲೆ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ಈ ಎರಡು ದಿನಾಂಕಗಳ ನಡುವೆ ಅರಗಾ, ಬಿಣಗಾ ಮುಂತಾದೆಡೆಗಳ ಸಹಸ್ರಾರು ಕುಟುಂಬಗಳು ಮನೆ, ತೋಟ, ದೇವಸ್ಥಾನ ಬಿಟ್ಟು ಹೊರಬಂದವು. ತೋಡೂರು, ಮುದಗಾ ಮೊದಲಾದ ಕಡೆಗಳಲ್ಲಿ ನಿರಾಶ್ರಿತರ ಕಾಲೊನಿಗಳು ತಲೆಯೆತ್ತಿದವು. ಕಾಕತಾಳೀಯವೆಂದರೆ, ಊರಿನ ಮದುವೆಗಳಿಗೆ ವಿಡಿಯೋ ಕ್ಯಾಮೆರಾ ಬರತೊಡಗಿದ್ದೂ ಇದೇ ಅವಧಿಯಲ್ಲಿ. ಹೀಗಾಗಿ ಬೇಲಿಯೊಳಗೆ ಸೇರಿಹೋದ ಕೇರಿಗಳ ಚಲಿಸುವ ಚಿತ್ರವೇನಾದರೂ ಉಳಿದಿದ್ದರೆ ಅದು ಬಹುಮಟ್ಟಿಗೆ ಮನೆಮನೆಗಳ ಕಪಾಟಿನಲ್ಲಿ, ಅಟ್ಟದ ಮೇಲಿನ ಟ್ರಂಕಿನಲ್ಲಿ ಉಳಿದಿದೆ. ಸರ್ಕಾರಿ ದಫ್ತರಗಳಲ್ಲಿ ಸಿಗುವುದು ಸರ್ವೆ ನಂಬರು ಮತ್ತು ಪರಿಹಾರದ ಮೊತ್ತ ಮಾತ್ರ.

ಸೀಬರ್ಡ್ ಒಂದೇ ಅಲ್ಲ. ಕಾಳಿ ನದಿಗೆ ಕಟ್ಟಿದ, ಕಾರವಾರ ಮತ್ತು ಸದಾಶಿವಗಡವನ್ನು ಬೆಸೆದಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ನದಿ ಸೇರಿತು. ಆ ಸೇತುವೆಯ ಮೇಲೆ ಸಾಗಿದ ದಿಬ್ಬಣದ ಬಸ್ಸುಗಳು ಎಷ್ಟು ಕ್ಯಾಸೆಟ್‌ಗಳಲ್ಲಿ ಇದ್ದಾವೋ! ಅಂಕೋಲಾ ಕಡೆಯ ಸುಗ್ಗಿ ಕುಣಿತ, ಬಂಡಿಹಬ್ಬ, ರಾತ್ರಿಯಿಡೀ ನಡೆದ ಯಕ್ಷಗಾನ, ಶಾಲೆಯ ವಾರ್ಷಿಕೋತ್ಸವ ಇವೂ ಟೇಪಿನ ಮೇಲಿವೆ. ಹಾಲಕ್ಕಿ ಹಾಡುಗಳ ಕಣಜವೆನಿಸಿದ್ದ ಪದ್ಮಶ್ರೀ ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ ಹಾಡುಗಳು ಸಂಶೋಧಕರ ಧ್ವನಿಮುದ್ರಣಗಳಲ್ಲಿ ಉಳಿದವು. ಹೆಸರಿಲ್ಲದ ನೂರಾರು ಹಾಡುಗಾರ್ತಿಯರದು ಉಳಿದಿದ್ದರೆ ಯಾರದೋ ಮದುವೆ ಕ್ಯಾಸೆಟ್‌ನಲ್ಲಿ ಮಾತ್ರ.

ಟೇಪು ಹಾಳಾಗುವುದು ಹೇಗೆ?

1982ರ ಏಷ್ಯನ್ ಕ್ರೀಡಾಕೂಟದೊಡನೆ ದೇಶಕ್ಕೆ ಬಣ್ಣದ ದೂರದರ್ಶನ ಬಂದ ಮೇಲೆ ವಿಸಿಆರ್‌ಗಳ ಭರಾಟೆ ಆರಂಭವಾಯಿತು. ಕರಾವಳಿಯಲ್ಲಿ ಗಲ್ಫ್ ದೇಶಗಳಿಂದ, ಹಡಗಿನ ನೌಕರಿಯಿಂದ ರಜೆಗೆ ಬಂದವರು ಅವನ್ನು ಹೊತ್ತು ತಂದರು. ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಹೊರತಂದ ವಿಎಚ್‌ಎಸ್ ಮಾದರಿಯೇ ಇಲ್ಲಿಯೂ ಮನೆಮಾತಾಯಿತು. ಮೂರು ಗಂಟೆಯ ಒಂದು ಕ್ಯಾಸೆಟ್‌ನಲ್ಲಿ ಅರ್ಧ ಇಂಚು ಅಗಲದ, ಸುಮಾರು 250 ಮೀಟರ್ ಉದ್ದದ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಅದರ ಮೇಲೆ ಅಂಟಿನಲ್ಲಿ ಕಲಸಿದ ಕಾಂತೀಯ ಪುಡಿಯ ತೆಳು ಲೇಪ. ಯಂತ್ರದೊಳಗಿನ ಡ್ರಮ್ಮು ನಿಮಿಷಕ್ಕೆ 1500 ಸುತ್ತು ತಿರುಗುತ್ತ, ಪಟ್ಟಿಯ ಮೇಲೆ ಓರೆಯಾಗಿ ಎಳೆದ ಗೆರೆಗಳನ್ನು ಓದುತ್ತದೆ. ಒಂದೊಂದು ಗೆರೆಯ ಅಗಲ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ. ಕೂದಲೆಳೆಗಿಂತಲೂ ಕಿರಿದಾದ ಈ ಗೆರೆಯ ಮೇಲೆ ಧೂಳಿನ ಕಣವೊಂದು ಕುಳಿತರೂ ಪರದೆಯ ಮೇಲೆ ಬಿಳಿ ಗೀರು ಮೂಡುತ್ತದೆ.

ಇಂಥ ವಸ್ತುವಿಗೆ ಕರಾವಳಿಯ ಹವೆ ವೈರಿ. ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಯೂ ಬೂಷ್ಟು ಹಿಡಿಯುತ್ತದೆ, ಕ್ಯಾಸೆಟ್ ಬಿಟ್ಟೀತೆ? ತೇವ ಹೀರಿದ ಅಂಟು ನಿಧಾನವಾಗಿ ಸಡಿಲಗೊಂಡು ಲೇಪ ಉದುರತೊಡಗುತ್ತದೆ. ಬೂಷ್ಟು ಸುರುಳಿಯ ಅಂಚಿಗೆ ಹಬ್ಬಿ ಪದರಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಕ್ಯಾಸೆಟ್‌ನ ಪಾರದರ್ಶಕ ಕಿಟಕಿಯಿಂದ ನೋಡಿದಾಗ ಕಪ್ಪು ಸುರುಳಿಯ ಮೇಲೆ ಬಿಳಿಯ ಪುಡಿ ಅಥವಾ ಜೇಡರ ಬಲೆಯಂಥ ಕಲೆ ಕಂಡರೆ ಅದು ಬೂಷ್ಟೆಂದೇ ತಿಳಿಯಬೇಕು. ಆ ಕ್ಯಾಸೆಟ್ಟನ್ನು 'ಒಮ್ಮೆ ಹಾಕಿ ನೋಡೋಣ' ಎಂದು ಯಂತ್ರಕ್ಕೆ ತುರುಕುವುದು ದೊಡ್ಡ ತಪ್ಪು. ಟೇಪು ಹರಿಯುವ ಸಂಭವವಿದೆ. ಅಷ್ಟೇ ಅಲ್ಲ, ಬೂಷ್ಟು ಯಂತ್ರದ ಹೆಡ್‌ಗೆ ಮೆತ್ತಿಕೊಂಡು ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಬಿಸಿಲಿಗೆ ಒಣಗಿಸುವುದೂ ಸಲ್ಲದು, ಶಾಖಕ್ಕೆ ಪಟ್ಟಿ ಸೊಟ್ಟಗಾಗುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಿದ ಡಬ್ಬಿಯಲ್ಲಿ ಕೆಲ ವಾರ ಇಟ್ಟು ತೇವ ಆರಿಸಿ, ಆಮೇಲೆ ಬಲ್ಲವರ ಕೈಗೆ ಒಪ್ಪಿಸುವುದು ಕ್ಷೇಮ.

2019ರ ಆಗಸ್ಟ್‌ನಲ್ಲಿ ಕಾಳಿ ಮತ್ತು ಗಂಗಾವಳಿ ನದಿಗಳು ಉಕ್ಕಿ ದಂಡೆಯ ಮನೆಗಳಿಗೆ ನೀರು ನುಗ್ಗಿತ್ತು. ನೆರೆಯಲ್ಲಿ ನೆನೆದ ಕ್ಯಾಸೆಟ್ ಕೂಡ ಕೂಡಲೇ ಹಾಳಾಯಿತೆಂದಲ್ಲ. ಒಳಹೊಕ್ಕ ಕೆಸರು ಒಣಗಿ ಗಟ್ಟಿಯಾದ ಮೇಲೆ ಅದನ್ನು ಓಡಿಸಿದಾಗ ಲೇಪ ಕೆರೆದುಹೋಗುತ್ತದೆ. ಅಂಥದನ್ನು ಬಿಚ್ಚಿ, ಶುದ್ಧ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಆರಿಸಿ, ಹೊಸ ಚಿಪ್ಪಿಗೆ ಸುತ್ತುವ ಕೆಲಸ ಅನುಭವಿಗಳದು.

ಟೇಪಿಗಿಂತ ಮೊದಲು ಯಂತ್ರದ ಮರಣ

ವಿಚಿತ್ರವೆಂದರೆ, ಅನೇಕ ಕ್ಯಾಸೆಟ್‌ಗಳು ಇನ್ನೂ ಚೆನ್ನಾಗಿಯೇ ಇವೆ, ಅವನ್ನು ಓದುವ ಯಂತ್ರಗಳೇ ಇಲ್ಲ. ವಿಎಚ್‌ಎಸ್ ಯಂತ್ರ ತಯಾರಿಸುತ್ತಿದ್ದ ಕೊನೆಯ ಪ್ರಮುಖ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಕೈಚೆಲ್ಲಿತು. ಕಿರುಗಾತ್ರದ ಮಿನಿ-ಡಿವಿ ಕ್ಯಾಸೆಟ್ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಗೆ ನಿಲ್ಲಿಸಿತು. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯವು 2015ರಲ್ಲೇ, 2025ರೊಳಗೆ ಡಿಜಿಟಲ್ ರೂಪಕ್ಕೆ ಬಾರದ ಟೇಪುಗಳು ಬಹುತೇಕ ಕಳೆದುಹೋದಂತೆಯೇ ಎಂದು ಎಚ್ಚರಿಸಿತ್ತು. ಆ ವರ್ಷವೂ ಬಂದಾಯಿತು. ಟೇಪುಗಳೇನೂ ಒಂದೇ ದಿನ ಅಳಿಯಲಿಲ್ಲ. ಆದರೆ ಬಿಡಿಭಾಗ, ಕೆಲಸ ಬಲ್ಲ ಮೆಕ್ಯಾನಿಕ್, ಸುಸ್ಥಿತಿಯ ಯಂತ್ರ ಈ ಮೂರೂ ವರ್ಷದಿಂದ ವರ್ಷಕ್ಕೆ ದುರ್ಲಭವಾಗುತ್ತಿವೆ. ಊರಿನಲ್ಲಿ ಅನುಕೂಲವಿಲ್ಲದಿದ್ದರೆ ಹುಬ್ಬಳ್ಳಿ, ಮಡಗಾಂವ ಅಥವಾ ಬೆಂಗಳೂರಿನ ಸ್ಟುಡಿಯೊಗಳನ್ನು ವಿಚಾರಿಸಬೇಕಾಗುತ್ತದೆ. ಇದ್ದಬದ್ದ ಕ್ಯಾಸೆಟ್‌ಗಳನ್ನೆಲ್ಲ ಒಂದೇ ಪಾರ್ಸೆಲ್‌ನಲ್ಲಿ ಕಳುಹಿಸದಿರುವುದು ಮೇಲು. ಮೊದಲು ಒಂದನ್ನು ಕೊಟ್ಟು, ಕೆಲಸ ಮೆಚ್ಚುಗೆಯಾದ ಮೇಲೆ ಉಳಿದವನ್ನು ಒಪ್ಪಿಸಬಹುದು.

ಕ್ಯಾಸೆಟ್ ಮನೆಯಿಂದ ಹೊರಡುವ ಮುನ್ನ ಅದರ ಬೆನ್ನಿನ ಮೂಲೆಯಲ್ಲಿರುವ ಪುಟ್ಟ ಪ್ಲಾಸ್ಟಿಕ್ ಬಿಲ್ಲೆಯನ್ನು ಮುರಿದು ತೆಗೆಯಬೇಕು. ಬಿಲ್ಲೆ ಇಲ್ಲದ ಕ್ಯಾಸೆಟ್ ಮೇಲೆ ಯಂತ್ರ ಮರುಮುದ್ರಣ ಮಾಡುವುದಿಲ್ಲ. ಹಿಂದೆ ಆ ತೂತಿಗೆ ಅಂಟುಪಟ್ಟಿ ಹಚ್ಚಿ, ಮದುವೆಯ ಮೇಲೆ ಕ್ರಿಕೆಟ್ ಪಂದ್ಯ ತುಂಬಿಸಿದ ಮಹನೀಯರು ಎಲ್ಲ ಮನೆಗಳಲ್ಲೂ ಇದ್ದರು.

ವರ್ಗಾವಣೆ ಎಂದರೆ ಮಂತ್ರವೇನಲ್ಲ. ವಿಸಿಆರ್‌ನಲ್ಲಿ ಕ್ಯಾಸೆಟ್ ಓಡುತ್ತದೆ, ಅದರಿಂದ ಹೊರಬರುವ ಸಂಕೇತವನ್ನು 'ಕ್ಯಾಪ್ಚರ್' ಸಾಧನವೊಂದು ಅಂಕಿಗಳಾಗಿ ಪರಿವರ್ತಿಸಿ ಕಂಪ್ಯೂಟರಿಗೆ ಕೊಡುತ್ತದೆ. ಮೂರು ಗಂಟೆಯ ಕ್ಯಾಸೆಟ್‌ಗೆ ಮೂರು ಗಂಟೆಯೇ ಬೇಕು, ವೇಗವಾಗಿ ಓಡಿಸುವ ಉಪಾಯವಿಲ್ಲ. 'ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತೇವೆ' ಎನ್ನುವವರನ್ನು ಸಂಶಯದಿಂದ ಕಾಣಬೇಕು. ಹಳೆಯ ಟೇಪಿನ ಚಿತ್ರ ಅಲುಗಾಡುವುದನ್ನು ತಹಬಂದಿಗೆ ತರಲು 'ಟೈಮ್ ಬೇಸ್ ಕರೆಕ್ಟರ್' ಎಂಬ ಸಾಧನವಿದೆ. ಅದು ಇದೆಯೇ ಎಂದು ಕೇಳಿದರೆ ಸ್ಟುಡಿಯೊದವರ ತಿಳಿವಳಿಕೆಯೂ ಗೊತ್ತಾಗುತ್ತದೆ. ಮಿನಿ-ಡಿವಿಯ ಕಥೆ ಬೇರೆ. ಅದರಲ್ಲಿ ಚಿತ್ರ ಮೊದಲೇ ಡಿಜಿಟಲ್ ಆಗಿರುವುದರಿಂದ ಫೈರ್‌ವೈರ್ ತಂತಿಯ ಮೂಲಕ ಏನೂ ಕುಂದದೆ ಹಾಗೆಯೇ ನಕಲಾಗುತ್ತದೆ, ಗಂಟೆಗೆ ಸುಮಾರು 13 ಜಿಬಿ ಜಾಗ ಬೇಕಷ್ಟೆ. ಇನ್ನೊಂದು ಮಾತು: ಹಳೆಯ ಚಿತ್ರದ ಅಗಲ ಮತ್ತು ಎತ್ತರದ ಪ್ರಮಾಣ 4:3. ಈಗಿನ ಟಿವಿ ತುಂಬಲೆಂದು ಅಡ್ಡಕ್ಕೆ ಎಳೆದರೆ ಮದುಮಗಳೂ ಪುರೋಹಿತರೂ ಸಮಾನವಾಗಿ ದಪ್ಪಗಾಗುತ್ತಾರೆ.

ಡಿಸ್ಕ್ ಕೊನೆಯ ನಿಲ್ದಾಣವಲ್ಲ

2000ದ ನಂತರದ ವರ್ಷಗಳಲ್ಲಿ ಅನೇಕರು ಕ್ಯಾಸೆಟ್‌ಗಳನ್ನು ವಿಸಿಡಿಗೆ ಇಳಿಸಿಕೊಂಡು ಮೂಲವನ್ನು ಗುಜರಿಗೆ ಹಾಕಿದರು. ವಿಸಿಡಿಯ ಚಿತ್ರ 352×288 ಬಿಂದುಗಳದು. ಡಿವಿಡಿಯದು 720×576, ಅಂದರೆ ನಾಲ್ಕು ಪಟ್ಟಿಗೂ ತುಸು ಹೆಚ್ಚು. ಹಾಗಾಗಿ ವಿಸಿಡಿ ಇದ್ದರೂ ಮೂಲ ಕ್ಯಾಸೆಟ್ ಉಳಿದಿದ್ದರೆ ಅದನ್ನು ಮತ್ತೊಮ್ಮೆ ವರ್ಗಾಯಿಸುವುದು ಖಂಡಿತ ಸಾರ್ಥಕ. ಡಿವಿಡಿಯಲ್ಲೂ ಒಂದು ಮೋಸವಿದೆ. 4.7 ಜಿಬಿಯ ಡಿಸ್ಕ್‌ನಲ್ಲಿ ಒಳ್ಳೆಯ ಗುಣಮಟ್ಟದ ಚಿತ್ರ ಒಂದು, ಒಂದೂಕಾಲು ಗಂಟೆ ಹಿಡಿಯುತ್ತದೆ, ಎರಡು ಗಂಟೆಯವರೆಗೆ ಸಹಿಸಬಹುದು. ಮೂರು ಗಂಟೆಯ ಮದುವೆಯನ್ನು ಒಂದೇ ಡಿಸ್ಕ್‌ಗೆ ತುರುಕಿದರೆ ಅಗ್ಗವಾಗುವುದು ನಿಜ, ಆದರೆ ಚಲಿಸುವ ಮುಖಗಳೆಲ್ಲ ಚೌಕಚೌಕವಾಗಿ ಒಡೆಯುತ್ತವೆ.

ಮನೆಯಲ್ಲಿ ಬರೆದ ಡಿಸ್ಕ್‌ನ ಆಯಸ್ಸೂ ಶಾಶ್ವತವಲ್ಲ. ಅದರ ಬಣ್ಣದ ಪದರ ಬೆಳಕು, ಶಾಖ, ತೇವಗಳಿಗೆ ಮಾಸುತ್ತದೆ. ಮೇಲೆ ಅಂಟಿಸಿದ ಕಾಗದದ ಚೀಟಿಯೂ ಹಾನಿ ಮಾಡಬಲ್ಲದು. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಬಾಯಿಯೇ ಇರುವುದಿಲ್ಲ. ಆದ್ದರಿಂದ ಸ್ಟುಡಿಯೊದಿಂದ ಡಿಸ್ಕ್‌ನ ಜೊತೆಗೆ ಮೂಲ ಕಡತವನ್ನೂ ಕೇಳಿ ಪಡೆಯಬೇಕು. ಈಗಾಗಲೇ ಡಿಸ್ಕ್ ಮಾಡಿಸಿಟ್ಟವರು ಅದು ಓದುತ್ತಿರುವಾಗಲೇ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿಕೊಳ್ಳಬೇಕು. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಗಳ ಅಥವಾ ತಮ್ಮನ ಮನೆಯಲ್ಲಿ ಇರುವುದು ಅಗತ್ಯ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ಎದುರು ದಂಡೆಯ ಉಳುವರೆಯ ಮನೆಗಳೂ ಕೆಡವಿ ಬಿದ್ದವು. ಆ ದಿನ ಹೋದ ಜೀವಗಳ ಮುಂದೆ ಕ್ಯಾಸೆಟ್ಟಿನ ಮಾತು ಕ್ಷುಲ್ಲಕ. ಆದರೆ ಇರುವುದೆಲ್ಲ ಒಂದೇ ಸೂರಿನಡಿ ಇದ್ದರೆ ಏನಾದೀತು ಎಂಬುದು ಇಲ್ಲಿನವರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಬಹುಮಂದಿಯ ಗಮನಕ್ಕೆ ಬಾರದ ಸಂಗತಿಯೊಂದಿದೆ. ಸ್ಟುಡಿಯೊಗಳು ಆಗ ಮದುವೆಯ ಚಿತ್ರವನ್ನು 'ಮಿಕ್ಸಿಂಗ್' ಮಾಡಿ, ಮೂಲ ಧ್ವನಿ ಅಳಿಸಿ, ಸಿನಿಮಾ ಹಾಡು ತುಂಬಿ ಕೊಡುತ್ತಿದ್ದವು. ಅಜ್ಜಿ ಹೇಳಿದ ಮದುವೆ ಹಾಡು, ಹೆಣ್ಣಿನ ಕಡೆಯವರ ಕೀಟಲೆ, ವಾಲಗದ ಸದ್ದು ಎಲ್ಲವೂ ಆ ಹಾಡುಗಳಡಿ ಮುಚ್ಚಿಹೋದವು. ಕೆಲವು ಮನೆಗಳಲ್ಲಿ ಸಂಕಲನಕ್ಕೆ ಮುಂಚಿನ ಕಚ್ಚಾ ಕ್ಯಾಸೆಟ್ ಕೂಡ ಬೇರೆಯಾಗಿ ಇರುತ್ತದೆ. ಚೀಟಿ ಇಲ್ಲದ, ಯಾರೂ ನೋಡದ ಆ ಕ್ಯಾಸೆಟ್ಟನ್ನೇ ಮೊದಲು ವರ್ಗಾಯಿಸಬೇಕು, ಅಸಲು ಧ್ವನಿ ಇರುವುದು ಅದರಲ್ಲಿ. ಇನ್ನು ಸಿನಿಮಾ ಹಾಡು ತುಂಬಿದ ಪ್ರತಿಯನ್ನು ಯೂಟ್ಯೂಬಿಗೆ ಏರಿಸಿದರೆ ಹಾಡಿನ ಹಕ್ಕುದಾರರ ಆಕ್ಷೇಪ ಬರುವುದೂ ಉಂಟು.

ಕಡತ ಕೈಗೆ ಬಂದ ಮೇಲೆ ಮನೆಯ ಹಿರಿಯರನ್ನು ಟಿವಿಯ ಮುಂದೆ ಕೂರಿಸಿ, ಅವರು ಹೇಳಿದ್ದನ್ನು ನಿಮಿಷದ ಲೆಕ್ಕ ಸಹಿತ ಬರೆದಿಟ್ಟುಕೊಳ್ಳುವುದು ಉಳಿದ ಕೆಲಸ: ನಾಲ್ಕನೆಯ ನಿಮಿಷದಲ್ಲಿ ಕಾಣುವ ಬಾವಿ ಯಾರದು, ಆರನೆಯ ನಿಮಿಷದಲ್ಲಿ ಚಪ್ಪರದ ಕಂಬಕ್ಕೆ ಒರಗಿ ನಿಂತವರು ಯಾರು, ದಿಬ್ಬಣ ಇಳಿದ ಆ ಓಣಿ ಕಡಲಿನ ಕಡೆ ಹೋಗುತ್ತಿತ್ತೋ ದೇವಸ್ಥಾನದ ಕಡೆಯೋ. ಈ ಟಿಪ್ಪಣಿಯನ್ನು ಕಡತದ ಜೊತೆಗೇ ಇಡಬೇಕು. ಇಂಥ ಪ್ರಶ್ನೆಗಳಿಗೆ ಉತ್ತರ ಬಲ್ಲವರಲ್ಲಿ ಹೆಚ್ಚಿನವರ ವಯಸ್ಸು ಈಗ ಎಪ್ಪತ್ತು ದಾಟಿದೆ.