ಬಿ.ಕಾಂ ಓದಿದೋರಿಗೆ ಸರ್ಕಾರಿ ಶಾಲೇಲಿ ಏನು ಕೆಲಸ?



ಹೋದ ವಾರ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. "ಬಿ.ಕಾಂ ಮುಗಿದಿದೆ. ಸರ್ಕಾರಿ ಶಾಲೆಗಳಿಗೆ ಏನಾದ್ರೂ ಮಾಡ್ಬೇಕು ಅಂತ ಆಸೆ. ಆದ್ರೆ ಟೀಚರ್ ಆಗೋಕೆ ಇಷ್ಟ ಇಲ್ಲ. ಬೇರೆ ದಾರಿ ಇದೆಯಾ?" ಇದೆ. ನಾನೂ ಬಿ.ಕಾಂ ಗಿರಾಕಿನೇ. ಅದಕ್ಕೆ ನಮಗೆ ಗೊತ್ತಿರೋ ಲೆಕ್ಕದಿಂದಾನೇ ಶುರು ಮಾಡ್ತೀನಿ.

ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಂದು ಶಾಲಾ ಅನುದಾನ ಇರುತ್ತೆ. ಕರೆಂಟ್ ಬಿಲ್, ಸಣ್ಣಪುಟ್ಟ ರಿಪೇರಿ, ಸ್ವಚ್ಛತೆ ಎಲ್ಲ ಅದ್ರಲ್ಲೇ ಆಗ್ಬೇಕು. ಎಷ್ಟು ಕೊಡ್ಬೇಕು ಅನ್ನೋದು ಮಕ್ಕಳ ಸಂಖ್ಯೆ ಮೇಲೆ ನಿರ್ಧಾರ ಆಗುತ್ತೆ. ಮಾರ್ಗಸೂಚಿ ಪ್ರಕಾರ 30 ಮಕ್ಕಳವರೆಗೆ 10,000 ರೂಪಾಯಿ. ಅದಕ್ಕಿಂತ ಮೇಲೆ, 100 ಮಕ್ಕಳವರೆಗೆ 25,000.

ಈಗ 32 ಮಕ್ಕಳಿರೋ ಒಂದು ಹಳ್ಳಿ ಶಾಲೆ ಅಂದ್ಕೊಳ್ಳಿ. ಒಂದು ಮನೆಯವರು ಗಾರೆ ಕೆಲಸ ಹುಡುಕ್ಕೊಂಡು ಬೆಂಗಳೂರಿಗೆ ಹೊರಟ್ರು. ಜೊತೆಗೆ ಅವರ ಮೂರು ಮಕ್ಕಳೂ ಹೋದ್ವು. ಉಳಿದಿದ್ದು 29. ಅನುದಾನದಲ್ಲಿ 15,000 ಕಟ್. ಹಾಗಂತ ಸೋರೋ ಹೆಂಚು ಕಮ್ಮಿ ಆಯ್ತಾ? ಶೌಚಾಲಯ ಚಿಕ್ಕದಾಯ್ತಾ? ಕಾಸ್ಟ್ ಅಕೌಂಟಿಂಗ್‌ನಲ್ಲಿ ಓದಿದ್ವಲ್ಲ, ಫಿಕ್ಸೆಡ್ ಕಾಸ್ಟ್ ಅಂತ? ಅದೇ ಇದು. ಶಾಲೆ ಸೊರಗಿದ್ದು ನೋಡಿ ಇನ್ನೊಬ್ರು ಮಗೂನ ಪ್ರೈವೇಟ್ ಶಾಲೆ ವ್ಯಾನ್ ಹತ್ತಿಸ್ತಾರೆ. ಕಳಿಸೋಕೆ ದುಡ್ಡಿಲ್ಲದ ಮನೆಯ ಮಕ್ಕಳು ಮಾತ್ರ ಅಲ್ಲೇ ಉಳಿತಾರೆ.

ಈ ಲೆಕ್ಕನ ಶಾಲೆಯ ರಿಜಿಸ್ಟರ್‌ನಲ್ಲಿ ಗುರುತಿಸಿ, ಆದೇಶ ಬರೆಯೋರ ಟೇಬಲ್ ತನಕ ಮುಟ್ಟಿಸೋದು ಶಿಕ್ಷಣ ನೀತಿಯ ಕೆಲಸದ ಅರ್ಧ. ಆ ಟೇಬಲ್‌ನಿಂದ ಹೊರಟ ಆದೇಶ ತರಗತಿ ಒಳಗೆ ಏನಾಯ್ತು ಅಂತ ನೋಡೋದು ಇನ್ನರ್ಧ.

ಕೆಳಗಿಂದ ಮೇಲೆ ಹೋದದ್ದು ನಮ್ಮಲ್ಲೇ ಇದೆ: ನಲಿಕಲಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಲ್ಲಿ ಶುರುವಾಗಿದ್ದು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಕಾರ್ಡ್‌ಗಳಲ್ಲಿ ಕಲಿಸೋ ವಿಧಾನ ನೋಡಿ ಬಂದು, ನಮ್ಮ ಶಾಲೆಗಳಿಗೆ ಹೊಂದಿಸಿದ್ರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹೋಯ್ತು. ಒಂದು ತಾಲ್ಲೂಕಿಂದ ರಾಜ್ಯಕ್ಕೆ ಹೆಚ್ಚು ಕಮ್ಮಿ 14 ವರ್ಷ. ಈ ಫೀಲ್ಡ್‌ನಲ್ಲಿ ಸ್ಪೀಡು ಇಷ್ಟೇ, ಮೊದಲೇ ತಿಳ್ಕೊಂಡಿರಿ.

ಹಾಗಾದ್ರೆ ಒಳಗೆ ಹೋಗೋದು ಹೇಗೆ?

ಒಂದು, ಇಲಾಖೆ ದಾರಿ. ಕ್ಲಸ್ಟರ್ ಮಟ್ಟದ ಸಿಆರ್‌ಪಿಗಳು ಶಿಕ್ಷಕರೊಳಗಿಂದಲೇ ಆಯ್ಕೆ ಆಗೋರು. ಅಂದ್ರೆ ಮೊದಲು ಶಿಕ್ಷಕರಾಗ್ಲೇಬೇಕು, ನೀವು ಬೇಡ ಅಂದಿದ್ದೇ ಅದು.

ಎರಡು, ಫೆಲೋಶಿಪ್. ಟೀಚ್ ಫಾರ್ ಇಂಡಿಯಾದ್ದು 2 ವರ್ಷ, ಬಿ.ಎಡ್ ಬೇಕಿಲ್ಲ. ಹೌದು, ಅದ್ರಲ್ಲೂ ಪಾಠ ಮಾಡ್ಬೇಕು. ಆದ್ರೆ ತರಗತಿಯನ್ನೇ ನೋಡದೆ ನೀತಿ ಮಾತಾಡೋರು ಈಗಾಗ್ಲೇ ಬೇಕಾದಷ್ಟಿದಾರೆ.

ಮೂರು, ಓದು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ 2 ವರ್ಷದ ಎಂ.ಎ ಎಜುಕೇಷನ್ ಇದೆ. ಬಿ.ಕಾಂ ಆದೋರೂ ಅರ್ಜಿ ಹಾಕ್ಬಹುದು.

ನಾಲ್ಕು, ಸಂಸ್ಥೆಗಳು. ಪ್ರಥಮ್, ಅಕ್ಷರ ಫೌಂಡೇಶನ್ ಥರದವು. ಸರ್ವೆ, ಡೇಟಾ, ಬಜೆಟ್ ಓದೋರು ಇಂಥ ಕಡೆ ಬೇಕಾಗ್ತಾರೆ. ಎಕ್ಸೆಲ್ ಗೊತ್ತಿರೋರಿಗೆ, ಅದರ ಜೊತೆ ಹಳ್ಳಿ ಬಸ್ ಹತ್ತೋಕೂ ರೆಡಿ ಇರೋರಿಗೆ ಬೆಲೆ ಇದೆ.

ಸಂಬಳ? ನಿಮ್ ಜೊತೆ ಓದಿ ಐಟಿ, ಬ್ಯಾಂಕ್ ಸೇರಿದೋರಷ್ಟು ಸಿಗುತ್ತೆ ಅಂತ ಲೆಕ್ಕ ಹಾಕ್ಬೇಡಿ. ಪ್ರಾಜೆಕ್ಟ್ ಮುಗಿದ್ರೆ ಕೆಲಸಾನೂ ಮುಗಿಯೋ ಸಾಧ್ಯತೆ ಇರುತ್ತೆ. ಇದನ್ನ ಮನೇಲೂ ಮೊದಲೇ ಹೇಳಿಬಿಡಿ.

ಕೆಲಸ ಬಿಡೋ ಮುಂಚೆ ಒಂದು ಟ್ರಯಲ್ ಮಾಡಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲೆಯ ಅಭಿವೃದ್ಧಿ ಯೋಜನೆ ಬರೆಯೋದು ಪೋಷಕರೇ ಹೆಚ್ಚಿರೋ ಸಮಿತಿ. ನಮ್ಮ ರಾಜ್ಯದಲ್ಲಿ ಅದನ್ನ ಎಸ್‌ಡಿಎಂಸಿ ಅಂತಾರೆ. ನಿಮ್ಮೂರ ಶಾಲೆಗೆ ಹೋಗಿ, ಹೆಡ್‌ಮಾಸ್ಟರ್‌ನ ಕೇಳಿ, ಒಂದು ಸಭೆಯಲ್ಲಿ ಕೂತ್ಕೊಳ್ಳಿ. ಆ ಯೋಜನೆಗೆ ಒಂದು ಪುಟದ ಬಜೆಟ್ ಹಾಕಿಕೊಡಿ.

ಹೆಂಚು ರಿಪೇರಿಗೆ ಎಷ್ಟಾಗುತ್ತೆ, ಕೈಯಲ್ಲಿ ಎಷ್ಟಿದೆ, ಎಷ್ಟು ಸಾಲಲ್ಲ, ಯಾರನ್ನ ಕೇಳ್ಬೇಕು. ಆ ಪುಟ ಬರೆದು ಮುಗಿಸಿದ ಮೇಲೂ ಇನ್ನೊಂದು ಸಭೆಗೆ ಹೋಗ್ಬೇಕು ಅನ್ನಿಸಿದ್ರೆ, ಈ ಕೆಲಸ ನಿಮ್ಮದು.